ಪ್ಲೇಗು ಬಂದಾಗ ಬೆಂಗಳೂರು ಏನಾಯಿತು?

ಮಕ್ಕಳೇ, 2020ರಲ್ಲಿ ಕೊರೊನಾ ಬಂದದ್ದು ನಿಮಗೆ ಮಸುಕಾಗಿ ನೆನಪಿರಬಹುದು. ಆಗ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಮುಂಬೈ, ಪುಣೆಗಳಿಗೆ ದುಡಿಯಲು ಹೋಗಿದ್ದ ಅನೇಕರು ಊರಿಗೆ ಮರಳಿದರು. ಜಗತ್ತಿನ ದೊಡ್ಡ ನಗರಗಳ ಬೀದಿಗಳು ಬಿಕೋ ಎಂದವು. ಹಾಗಾದರೆ ಪಿಡುಗು ಬಂದರೆ ನಗರಗಳ ಬೆಳವಣಿಗೆ ನಿಂತುಹೋಗುತ್ತದೆಯೇ? ನಮ್ಮ ನಾಡಿನ ಒಂದು ಹಳೆಯ ಘಟನೆಯನ್ನು ನೋಡೋಣ.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡ ಪ್ಲೇಗು 1896ರಲ್ಲಿ ಮುಂಬೈಗೆ, 1898ರಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನ ಪೇಟೆಯಲ್ಲಿ ಆಗ ಓಣಿಗಳು ಇಕ್ಕಟ್ಟು. ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಕಡಿಮೆ. ಕಾಳಿನ ಚೀಲಗಳಿದ್ದಲ್ಲಿ ಇಲಿಗಳು ಇರಲೇಬೇಕಲ್ಲವೇ? ಪ್ಲೇಗಿನ ಬ್ಯಾಕ್ಟೀರಿಯಾ ಇಲಿಯ ಮೈಮೇಲಿನ ಚಿಗಟದಲ್ಲಿರುತ್ತದೆ. ಇಲಿ ಸತ್ತಾಗ ಹಸಿದ ಚಿಗಟ ಮನುಷ್ಯರನ್ನು ಕಚ್ಚುತ್ತದೆ. ಹೀಗೆ ರೋಗ ಹರಡಿತು. ಸಾವಿರಾರು ಜನ ಸತ್ತರು. ಬದುಕಿದವರಲ್ಲಿ ಅನೇಕರು ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು.

ಜನಗಣತಿಯ ಅಂಕಿಗಳನ್ನು ಗಮನಿಸಿ. 1891ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 1,80,000. 1901ರಲ್ಲಿ ಸುಮಾರು 1,59,000. ಅಂದರೆ ಹತ್ತು ವರ್ಷಗಳಲ್ಲಿ ಊರು ಬೆಳೆಯುವ ಬದಲು ಕುಗ್ಗಿತು!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೇಟೆಯ ದಟ್ಟಣೆ ಕಡಿಮೆ ಮಾಡಲು ಹೊರವಲಯದಲ್ಲಿ ಮಲ್ಲೇಶ್ವರ, ಬಸವನಗುಡಿ ಎಂಬ ಹೊಸ ಬಡಾವಣೆಗಳು ತಲೆಯೆತ್ತಿದವು. ಅಲ್ಲಿ ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ಬಯಲು ಜಾಗ, ಕೊಳೆ ಸಾಗಿಸಲು ಮನೆಗಳ ಹಿಂದೆ ಕಿರುಓಣಿ. ಚಿಗಟದ ಪಾತ್ರವನ್ನು ವಿಜ್ಞಾನಿಗಳು ಇನ್ನೂ ಒಪ್ಪಿರದ ಕಾಲವದು. ಕೊಳಕು, ಇಕ್ಕಟ್ಟುಗಳೇ ರೋಗಕ್ಕೆ ಮೂಲ ಎಂದು ಬಹಳ ಜನ ನಂಬಿದ್ದರು. ಕಾರಣ ಪೂರ್ತಿ ತಿಳಿಯದಿದ್ದರೂ ಉಪಾಯ ಸರಿಯಾಗಿತ್ತು. ಚೊಕ್ಕಟವಾದ, ಬಿಡಿಬಿಡಿಯಾದ ಮನೆಗಳಲ್ಲಿ ಇಲಿಗಳಿಗೆ ಅಡಗಲು ತಾಣ ಕಡಿಮೆ.

1911ರ ಹೊತ್ತಿಗೆ ಜನಸಂಖ್ಯೆ ಸುಮಾರು 1,89,000ಕ್ಕೆ ಏರಿತು. 2011ರಲ್ಲಿ ಅದು 84 ಲಕ್ಷ ದಾಟಿತ್ತು!

ಪಿಡುಗು ನಗರದ ಬೆಳವಣಿಗೆಯನ್ನು ಕೆಲಕಾಲ ತಡೆಯುತ್ತದೆ, ಆಮೇಲೆ ಅದರ ರೂಪವನ್ನೇ ಬದಲಿಸುತ್ತದೆ. ಕೊರೊನಾ ಇಳಿದ ಮೇಲೆ ನಮ್ಮ ಕಡೆಯವರೂ ಕೆಲಸ ಹುಡುಕಿಕೊಂಡು ನಗರಗಳಿಗೆ ಹೊರಟರಲ್ಲವೇ? ಆದರೆ ಗಾಳಿ ಬೆಳಕಿನ ಮನೆ ಎಲ್ಲರಿಗೂ ಸಿಗುವುದಿಲ್ಲ. ಒಂದೇ ಕೋಣೆಯಲ್ಲಿ ಹಲವರು ಮಲಗಬೇಕಾದರೆ, ಉಸಿರಿನಿಂದ ಹರಡುವ ರೋಗಕ್ಕೆ ಅದೇ ದಾರಿ. ಬಡವರ ಮನೆಗೂ ಕಿಟಕಿ ಇದ್ದಾಗಲೇ ಇಡೀ ನಗರಕ್ಕೆ ಆರೋಗ್ಯ.

ಮಾಡಿ ನೋಡಿ: ನಿಮ್ಮ ಓಣಿಯ ಅಗಲವನ್ನು ಹೆಜ್ಜೆಗಳಲ್ಲಿ ಅಳೆಯಿರಿ. ನಿಮ್ಮ ಮನೆಯ ಕಿಟಕಿಗಳನ್ನು ಎಣಿಸಿ. ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ? ಚಿತ್ರ ಬರೆದು ತರಗತಿಯಲ್ಲಿ ಚರ್ಚಿಸಿ.