ಯಂತ್ರದ ಸದ್ದು ಮತ್ತು ತಂಬೂರಿಯ ನಾದ



ಕಳೆದ ಶ್ರಾವಣದಲ್ಲಿ ರಾಸುಗಳ ಗರ್ಭ ತಪಾಸಣೆಗೆಂದು ಸಂಘವೊಂದಕ್ಕೆ ಹೋಗಿದ್ದೆ. ಅಲ್ಲಿನ ಹಿರಿಯ ಸದಸ್ಯರೊಬ್ಬರು ಊರಿನ ಭಜನೆ ಮೇಳದಲ್ಲಿ ಮೂವತ್ತು ವರ್ಷಗಳಿಂದ ತಂಬೂರಿ ಹಿಡಿದವರು. ಕೆಲಸ ಮುಗಿದ ಮೇಲೆ ಕಾಫಿ ಕೊಡುತ್ತಾ, "ಡಾಕ್ಟ್ರೇ, ನಮ್ಮ ತಂಬೂರಿಗೆ ಏನೋ ಆಗದೆ. ತಂತಿ ಬದಲಾಯಿಸ್ದೆ, ಆದ್ರೂ ಝೇಂಕಾರ ಬರ್ತಾ ಇಲ್ಲ. ಬಿರುಕು ಬಿಟ್ಟ ಮಡಕೆ ತಟ್ಟಿದಂಗೆ ಕೇಳ್ತದೆ" ಎಂದರು. ನಾನು ಮೀಟಿ ನೋಡಿದೆ. ನಾದ ಚೆನ್ನಾಗಿಯೇ ಇತ್ತು. ಬಾಗಿಲ ಬಳಿ ನಿಂತಿದ್ದ ಅವರ ಮನೆಯಾಕೆ, "ತಂಬೂರಿ ನೆಟ್ಟಗದೆ, ಇವರ ಕಿವಿ ನೆಟ್ಟಗಿಲ್ಲ" ಎಂದು ನಕ್ಕರು. ಅವರು ತಮಾಷೆಗೆ ಹೇಳಿದ ಮಾತು ನಿಜವಾಗಿತ್ತು. ಆ ಸದಸ್ಯರು ಹನ್ನೆರಡು ವರ್ಷಗಳಿಂದ ಬೆಳಿಗ್ಗೆ ಸಂಜೆ ಮೇವು ಕತ್ತರಿಸುವ ಯಂತ್ರದ ಪಕ್ಕ ನಿಂತವರು. ಹಗಲೆಲ್ಲ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸಿದವರು.

ನಾನು ರಾಸುಗಳ ವೈದ್ಯನೇ ಹೊರತು ಕಿವಿಯ ವೈದ್ಯನಲ್ಲ. ಆದರೂ ಹಸುವಿನ ಒಳಕಿವಿಯೂ ಮನುಷ್ಯನ ಒಳಕಿವಿಯೂ ಒಂದೇ ಮಾದರಿಯವು. ಆದ್ದರಿಂದ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಿವಿಯೊಳಗೆ ಆಗುವುದೇನು?

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಭಾಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಸದ್ದಿನ ಅಲೆಗೆ ಇವು ಬಾಗಿ ಏಳುತ್ತವೆ; ಆ ಸುದ್ದಿ ನರದ ಮೂಲಕ ಮೆದುಳಿಗೆ ಮುಟ್ಟುತ್ತದೆ. ರಾಗಿ ಪೈರು ಒಂದು ದಿನದ ಗಾಳಿಗೆ ಬಾಗಿದರೆ ಮರುದಿನ ಎದ್ದು ನಿಲ್ಲುತ್ತದೆ. ದಿನವೂ ಬಿರುಗಾಳಿ ಬೀಸಿದರೆ ಮಲಗಿದ ಪೈರು ಏಳುವುದಿಲ್ಲ. ಇದೂ ಹಾಗೆಯೇ. ಯಂತ್ರ ನಿಲ್ಲಿಸಿದ ಮೇಲೆ ಕಿವಿ 'ಗುಂಯ್' ಎಂದು ಬೆಳಗಾಗುವುದರೊಳಗೆ ಸರಿಹೋದರೆ, ಇನ್ನು ಚಿಂತೆಯಿಲ್ಲ ಎಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಮೊದಲ ಎಚ್ಚರಿಕೆ.

ಕೋಳಿಯಂತಹ ಪಕ್ಷಿಗಳಲ್ಲಿ ಸತ್ತ ರೋಮಕೋಶಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆಂದು 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಹಸುವಿಗಾಗಲಿ ನಮಗಾಗಲಿ ಆ ಭಾಗ್ಯವಿಲ್ಲ. ಹೋದದ್ದು ಹೋಯಿತು.

ಸಂಗೀತಕ್ಕೇ ಮೊದಲ ಪೆಟ್ಟು ಏಕೆ?

ಸದ್ದಿನಿಂದ ಮೊದಲು ಹಾಳಾಗುವುದು ಸೆಕೆಂಡಿಗೆ 3000ದಿಂದ 6000 ಕಂಪನಗಳ ಸಣ್ಣ, ತೀಕ್ಷ್ಣ ಧ್ವನಿಗಳನ್ನು ಹಿಡಿಯುವ ಕೋಶಗಳು. ಮಾತಿನ ದಪ್ಪ ಧ್ವನಿ ಇದಕ್ಕಿಂತ ಬಹಳ ಕೆಳಗಿದೆ. ಆದ್ದರಿಂದ ಮನೆಯ ಮಾತುಕತೆ ಬಹುಕಾಲ ಕೇಳುತ್ತಲೇ ಇರುತ್ತದೆ; ಕಿವಿ ಕೆಟ್ಟಿರುವುದು ಗೊತ್ತೇ ಆಗುವುದಿಲ್ಲ.

ಆದರೆ ತಂಬೂರಿ ಮೀಟಿದಾಗ ಮೂಲ ಸ್ವರದ ಜೊತೆಗೆ ಹತ್ತಾರು ಸೂಕ್ಷ್ಮ ಮೇಲುಸ್ವರಗಳು ಏಳುತ್ತವೆ. ಝೇಂಕಾರವೆಂದರೆ ಅದೇ. ತಾಳದ ಕಿಣಿ, ಗೆಜ್ಜೆಯ ದನಿ, ಕೊಳಲಿನ ಉಸಿರು ಇವೆಲ್ಲವೂ ಆ ಮೇಲಿನ ಭಾಗಕ್ಕೆ ಸೇರಿದವು. ಹಾಡಿನಲ್ಲಿ ಸ, ಶ, ತ, ಕ ಅಕ್ಷರಗಳನ್ನು ಬಿಡಿಸಿ ತೋರಿಸುವುದೂ ಅದೇ ಭಾಗ. ಅದು ಹೋದರೆ ಹಾಡು ಕೇಳುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ತಂತಿಯ ಸದ್ದಿದೆ, ನಾದವಿಲ್ಲ.

ಆಗ ನಾವು ಮಾಡುವುದೇನು? ರೇಡಿಯೋ ಸದ್ದು ಹೆಚ್ಚಿಸುತ್ತೇವೆ. ಇದರಿಂದ ದಪ್ಪ ಧ್ವನಿ ಇನ್ನೂ ದಪ್ಪವಾಗುತ್ತದೆಯೇ ವಿನಾ ಕಳೆದುಹೋದ ಸಣ್ಣ ಧ್ವನಿ ಮರಳುವುದಿಲ್ಲ. ಉಳಿದ ಕಿವಿಗೂ ಪೆಟ್ಟು ಬೀಳುತ್ತದೆ. ಶ್ರವಣಯಂತ್ರ ಮಾತು ಕೇಳಲು ಬಹಳ ಉಪಯುಕ್ತ. ಅಗತ್ಯವಿದ್ದವರು ಸಂಕೋಚವಿಲ್ಲದೆ ಹಾಕಿಕೊಳ್ಳಬೇಕು. ಆದರೆ ಹಿಂದಿನ ಸಂಗೀತವನ್ನು ಹಾಗೆಯೇ ತಂದುಕೊಡುವ ಶಕ್ತಿ ಅದಕ್ಕಿಲ್ಲ.

ಎಷ್ಟು ಸದ್ದು, ಎಷ್ಟು ಹೊತ್ತು?

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಅದನ್ನು ಸಹಿಸಬಹುದಾದ ಹೊತ್ತು ಅರ್ಧವಾಗುತ್ತದೆ. ತಜ್ಞರು ಒಪ್ಪಿರುವ ದಿನದ ಮಿತಿ ಹೀಗಿದೆ:

85 ಡೆಸಿಬೆಲ್ – 8 ಗಂಟೆ
88 ಡೆಸಿಬೆಲ್ – 4 ಗಂಟೆ
91 ಡೆಸಿಬೆಲ್ – 2 ಗಂಟೆ
94 ಡೆಸಿಬೆಲ್ – 1 ಗಂಟೆ
100 ಡೆಸಿಬೆಲ್ – 15 ನಿಮಿಷ

ಅಳೆಯುವ ಸಾಧನ ಇಲ್ಲವೆಂದು ಯೋಚಿಸಬೇಡಿ. ಮೂರಡಿ ದೂರದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಅಲ್ಲಿನ ಸದ್ದು ಸುಮಾರು 85 ದಾಟಿದೆ ಎಂದು ತಿಳಿಯಿರಿ.

ಹಸುವಿಗೂ ಇದು ಬೇಡ

ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದವರೆಗೆ ಹಿಡಿದರೆ ಹಸುವಿನ ಕಿವಿ ಸುಮಾರು 35,000ದವರೆಗೆ ಹಿಡಿಯುತ್ತದೆ. ಥಟ್ಟನೆ ಎದ್ದ ಕರ್ಕಶ ಸದ್ದಿಗೆ ಹಸು ಬೆದರಿದರೆ ಅದರ ರಕ್ತದಲ್ಲಿ ಅಡ್ರಿನಲಿನ್ ಏರಿ, ಹಾಲಿಳಿಸುವ ಆಕ್ಸಿಟೋಸಿನ್ ಕೆಲಸ ಮಾಡದಂತೆ ತಡೆಯುತ್ತದೆ. ಹಸು ಹಾಲು ಸೇದಿಕೊಳ್ಳುತ್ತದೆ. ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ಕೊಟ್ಟಿಗೆಯ ಸದ್ದು ತಗ್ಗಿಸಿದರೆ ಲಾಭ ಇಬ್ಬರಿಗೂ ಉಂಟು.

ನೀವು ಮಾಡಬಹುದಾದದ್ದು

1. ಮೇವು ಕತ್ತರಿಸುವ ಯಂತ್ರದ ಬ್ಲೇಡು ಹರಿತವಾಗಿರಲಿ. ಸಡಿಲ ಬೋಲ್ಟು ಬಿಗಿ ಮಾಡಿ. ಬೇರಿಂಗಿಗೆ ಗ್ರೀಸು ಹಾಕಿ. ಮೋಟಾರಿನ ಅಡಿ ದಪ್ಪ ರಬ್ಬರು ಇಡಿ.

2. ಹಾಲು ಕರೆಯುವ ಯಂತ್ರದ ಪಂಪು ಮತ್ತು ಜನರೇಟರನ್ನು ಗೋಡೆಯ ಆಚೆ ಇರಿಸಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

3. ಯಂತ್ರದ ಬಳಿ ಇಯರ್ ಮಫ್ ಅಥವಾ ಇಯರ್ ಪ್ಲಗ್ ಧರಿಸಿ. ಹತ್ತಿ ತುರುಕಿದರೆ ಹೆಚ್ಚು ಪ್ರಯೋಜನವಿಲ್ಲ. ಟವೆಲು ಸುತ್ತಿಕೊಳ್ಳಲೇಬೇಡಿ, ತುದಿ ಯಂತ್ರಕ್ಕೆ ಸಿಕ್ಕಿ ಪ್ರಾಣಾಪಾಯವಾದೀತು.

4. ಯಂತ್ರದ ಸದ್ದು ಮೀರಲೆಂದು ಇಯರ್‌ಫೋನಿನಲ್ಲಿ ಜೋರಾಗಿ ಹಾಡು ಹಾಕಿಕೊಳ್ಳುವುದು ಗಾಯದ ಮೇಲೆ ಬರೆ ಎಳೆದಂತೆ. ಮಕ್ಕಳಿಗೆ ಇದನ್ನು ತಿಳಿಹೇಳಿ.

5. ಹಬ್ಬ, ಮದುವೆಗಳಲ್ಲಿ ಧ್ವನಿವರ್ಧಕದ ಬಾಯಿಗೆ ನೇರ ಕೂರಬೇಡಿ. ವಾಸದ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್ ಮಾತ್ರ.

6. ಕಿವಿ ಮಂದವೆನಿಸಿದರೆ ಎಣ್ಣೆ ಬಿಡಬೇಡಿ. ಒಮ್ಮೊಮ್ಮೆ ಬರೀ ಗುಗ್ಗೆಯೂ ಕಾರಣವಿರಬಹುದು. ಜಿಲ್ಲಾ ಆಸ್ಪತ್ರೆಯ ಕಿವಿ ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಪರೀಕ್ಷೆಗೆ ಅನುಕೂಲವಿದೆ.

ಕೊಟ್ಟಿಗೆಯ ಕೆಲಸವನ್ನು ಹೆಚ್ಚಾಗಿ ಮಾಡುವವರು ಮನೆಯ ಹೆಣ್ಣುಮಕ್ಕಳು. ತಂದ ಇಯರ್ ಮಫ್ ಗಂಡಸರ ಗೂಟಕ್ಕಷ್ಟೇ ನೇತುಬೀಳದಿರಲಿ.

ಮೊದಲು ಹೇಳಿದ ಸದಸ್ಯರು ಪರೀಕ್ಷೆ ಮಾಡಿಸಿಕೊಂಡರು. ಎರಡೂ ಕಿವಿಗಳಲ್ಲಿ ಸಣ್ಣ ಧ್ವನಿಗಳು ಬಹುಪಾಲು ಹೋಗಿವೆ. ಈಗ ತಂಬೂರಿಯ ಶ್ರುತಿಯನ್ನು ಮೊಮ್ಮಗ ಕೂಡಿಸಿ ಕೊಡುತ್ತಾನೆ. ಇವರು ಬೆರಳಿನ ಅಭ್ಯಾಸದಿಂದ ಮೀಟುತ್ತಾರೆ. ಮೊನ್ನೆ ಹೋದಾಗ ಮೇವಿನ ಯಂತ್ರದ ಪಕ್ಕದ ಮೊಳೆಯಲ್ಲಿ ಎರಡು ಇಯರ್ ಮಫ್ ನೇತಾಡುತ್ತಿದ್ದವು. "ನನ್ನದು ಹೋಯ್ತು ಡಾಕ್ಟ್ರೇ, ಹುಡುಗನ್ದಾದ್ರೂ ಉಳೀಲಿ" ಎಂದರು.

ನಿಮ್ಮ ಮನೆಯ ಯಂತ್ರದ ಪಕ್ಕದಲ್ಲಿಯೂ ಅಂಥದೊಂದು ಮೊಳೆ ಇರಲಿ.