ಬಿಸಿಲ ನಾಡಿನ ಪ್ರವಾಸ: ಬಾದಾಮಿಯ ಮೆಟ್ಟಿಲು ಕಲಿಸಿದ ಪಾಠ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಮುಂಬ್ರಾ, ಕಳವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರಿಗೆ ದೇಶ ಸುತ್ತಲು ಬಿಡುವು ದೊರೆಯುವುದು ಸಾಮಾನ್ಯವಾಗಿ ಮಕ್ಕಳಿಗೆ ರಜೆಯಿರುವ ಮೇ ತಿಂಗಳಿನಲ್ಲಿ. ವರ್ಷವಿಡೀ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ದಣಿದವರು ಆಗ ಸಂಸಾರಸಮೇತರಾಗಿ ತೌರುನಾಡಿನತ್ತ ಮುಖ ಮಾಡುತ್ತಾರೆ. ಆದರೆ ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಹಂಪೆಗಳನ್ನು ನೋಡಲು ವರ್ಷದಲ್ಲಿ ಅತ್ಯಂತ ಕಠಿಣವಾದ ಕಾಲವೂ ಅದೇ ಆಗಿದೆ.

ಮುಂಬ್ರಾ ದೇವಿಯ ಗುಡ್ಡದ ಬುಡದಲ್ಲಿ ವಾಸಿಸುವ ಒಂದು ಕುಟುಂಬದ ಅನುಭವ ಈ ದೃಷ್ಟಿಯಿಂದ ಮನನೀಯವಾಗಿದೆ. ಮನೆಯ ಹಿರಿಯರಿಗೆ 68 ವರ್ಷ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸೇವಿಸುವವರು. ಪ್ರತಿ ನವರಾತ್ರಿಯಲ್ಲಿಯೂ ದೇವಿಯ ಗುಡ್ಡವನ್ನು ಹತ್ತಿ ಇಳಿಯುವ ಅವರಿಗೆ ತಮ್ಮ ಕಾಲುಗಳ ಮೇಲೆ ಪೂರ್ಣ ವಿಶ್ವಾಸವಿತ್ತು. ಬೆಳಿಗ್ಗೆ ಪಟ್ಟದಕಲ್ಲನ್ನು ನೋಡಿ ಬಾದಾಮಿಯ ಗುಹೆಗಳ ಬುಡಕ್ಕೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. "ಹೊತ್ತು ಇಳಿದ ಮ್ಯಾಲ ಹತ್ರಿ, ಯಜಮಾನ್ರ, ಈಗ ಕಲ್ಲು ಕಾದಾವು" ಎಂದು ಮಜ್ಜಿಗೆ ಮಾರುವ ಹೆಂಗಸು ಎಚ್ಚರಿಸಿದಳು. ಯಜಮಾನರು ನಕ್ಕು ಮೆಟ್ಟಿಲೇರಿದರು. ಕ್ರಿ.ಶ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯನ್ನು ಮುಟ್ಟುವಷ್ಟರಲ್ಲಿ ಅವರ ತಲೆ ಸುತ್ತಿತು, ಮಾತು ತೊದಲಿತು. ಸೊಸೆ ತಡಮಾಡದೆ ಅವರನ್ನು ಗುಹೆಯ ನೆರಳಿನಲ್ಲಿ ಮಲಗಿಸಿ, ಅಂಗಿಯನ್ನು ಸಡಿಲಿಸಿ, ಕೈಯಲ್ಲಿದ್ದ ನೀರನ್ನೆಲ್ಲ ಮೈಮೇಲೆ ಸುರಿದು ಸೆರಗಿನಿಂದ ಗಾಳಿ ಬೀಸಿದಳು. ಮಗ ಜನರ ನೆರವಿನಿಂದ ಅವರನ್ನು ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿದನು. ಜೀವ ಉಳಿಯಿತು.

ಬೆವರದ ಮೈಯ ಮೋಸ

ಗುಡ್ಡ ಹತ್ತಿ ಪಳಗಿದವರಿಗೆ ಹೀಗೇಕಾಯಿತು? ಮುಂಬ್ರಾ ಖಾಡಿಯ ದಂಡೆಯ ಊರು. ಇಲ್ಲಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರದು; ಅಂಗಿ ತೊಯ್ದಾಗ ಮನುಷ್ಯನಿಗೆ ನೀರಿನ ನೆನಪಾಗುತ್ತದೆ. ಮೇ ತಿಂಗಳಿನಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟಾದ ಬಯಲುಸೀಮೆಯ ಒಣಗಾಳಿಯಲ್ಲಾದರೋ ಬೆವರು ಮೂಡಿದೊಡನೆಯೇ ಆರಿಹೋಗುತ್ತದೆ. ಮೈ ಒಣಗಿದಂತೆಯೇ ಕಾಣುವುದರಿಂದ, ಒಳಗಿನ ನೀರು ಮತ್ತು ಲವಣ ಬರಿದಾಗುತ್ತಿರುವುದು ಗಮನಕ್ಕೆ ಬರುವುದಿಲ್ಲ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೂ ಕುಗ್ಗಿರುತ್ತದೆ. ಮೂತ್ರದ ಮಾತ್ರೆ ಇದಕ್ಕೆ ಕೂಡಿಕೊಂಡರೆ ಅಪಾಯ ಇಮ್ಮಡಿಯಾಗುತ್ತದೆ. ಮೂತ್ರವು ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದೇ ತಿಳಿಯಬೇಕು.

ಹೊರಡುವ ಮುನ್ನ

ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಎಷ್ಟು ನೀರು ಕುಡಿಯಬೇಕು, ಮಾತ್ರೆಯ ಪ್ರಮಾಣವನ್ನು ಬದಲಿಸಬೇಕೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಬೇಕು. ತಾವಾಗಿಯೇ ಮಾತ್ರೆ ಬಿಡಬಾರದು. ಇನ್ಸುಲಿನ್ ಬಿಸಿಲಿಗೆ ಕೆಡುವುದರಿಂದ ಅದನ್ನು ತಂಪಾದ ಚೀಲದಲ್ಲಿ ಒಯ್ಯಬೇಕು, ಮಂಜುಗಡ್ಡೆಗೆ ತಾಗಿಸಬಾರದು. ಓ.ಆರ್.ಎಸ್. ಪೊಟ್ಟಣಗಳು ಜೊತೆಗಿರಲಿ. ಅವು ದೊರೆಯದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆ ಸವರಿದ 6 ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪನ್ನು ಬೆರೆಸಿ, ಒಂದು ದಿನದೊಳಗೆ ಬಳಸಬಹುದು. ಉಪ್ಪು ಹೆಚ್ಚಾಗಬಾರದು.

ನೋಡುವ ಹೊತ್ತು

ಗೋಲಗುಂಬಜದ ಇಕ್ಕಟ್ಟಾದ ಮೆಟ್ಟಿಲು, ಬಾದಾಮಿಯ ಗುಹೆಗಳು, ಹಂಪೆಯ ಮಾತಂಗ ಬೆಟ್ಟ ಇವುಗಳಿಗೆ ಮುಂಜಾವು ಇಲ್ಲವೆ ಸಂಜೆಯೇ ಪ್ರಶಸ್ತ. ನಡುಹಗಲನ್ನು ಊಟ, ವಿಶ್ರಾಂತಿ, ವಸ್ತುಸಂಗ್ರಹಾಲಯಗಳಿಗೆ ಮೀಸಲಿಡಬೇಕು. ಬಾದಾಮಿಯ ಸಂಗ್ರಹಾಲಯಕ್ಕೆ ಶುಕ್ರವಾರ ರಜೆಯೆಂಬುದು ನೆನಪಿರಲಿ. ಪಾದರಕ್ಷೆ ಕಳಚಬೇಕಾದ ಗುಡಿಗಳ ಅಂಗಳದಲ್ಲಿ ಕಲ್ಲುಹಾಸು ಕಾದ ಹಂಚಿನಂತಿರುತ್ತದೆ. ಪಾದದ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗೆ ಬೊಬ್ಬೆಯೆದ್ದುದೂ ತಿಳಿಯುವುದಿಲ್ಲ. ಅಂಥವರು ದಪ್ಪ ಕಾಲುಚೀಲ ಧರಿಸಿ, ರಾತ್ರಿ ಪಾದಗಳನ್ನು ಪರೀಕ್ಷಿಸಿಕೊಳ್ಳಬೇಕು. ಬಾದಾಮಿಯ ಕೋತಿಗಳ ಮುಂದೆ ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬಾರದು. ಅವು ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಕತ್ತರಿಸಿಟ್ಟ ಹಣ್ಣು, ಬೀದಿಯ ಐಸು ಬೇಡ. ಎಳನೀರು, ಶುದ್ಧ ನೀರಿನಲ್ಲಿ ಕಡೆದ ಮಜ್ಜಿಗೆ ಉತ್ತಮ. ಇನ್ನು ಜೋಗದ ಧಾರೆ ಮೇ ತಿಂಗಳಿನಲ್ಲಿ ಬಡವಾಗಿರುವುದರಿಂದ ಅದನ್ನು ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಜಾಣತನ.

ಬಿಸಿಲು ಬಡಿದಾಗ

ತಲೆನೋವು, ವಾಕರಿಕೆ, ಸ್ನಾಯುಸೆಳೆತಗಳು ಮೊದಲ ಸೂಚನೆಗಳು. ಆಗಲೇ ನೆರಳು ಸೇರಿ ನೀರು ಕುಡಿಯಬೇಕು. ಮೈಶಾಖ 40 ಡಿಗ್ರಿ ಮೀರಿ, ಮಾತು ತೊದಲಿದರೆ ಅಥವಾ ಪ್ರಜ್ಞೆ ಮಸುಕಾದರೆ ಅದು ಪ್ರಾಣಾಂತಿಕವಾದ ಉಷ್ಣಾಘಾತ. ಕೂಡಲೇ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಯನ್ನು ತೋಯಿಸಿ ಗಾಳಿ ಬೀಸುತ್ತಿರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಆ ಹಿರಿಯರು ಎರಡು ದಿನಗಳ ಬಳಿಕ ಆಸ್ಪತ್ರೆಯಿಂದ ಹೊರಬಂದರು. ಸಂಜೆ ಮೊಮ್ಮಕ್ಕಳು ಗುಹೆಗಳನ್ನು ನೋಡಿ ಇಳಿಯುವವರೆಗೆ ಅವರು ಅಗಸ್ತ್ಯತೀರ್ಥದ ದಂಡೆಯಲ್ಲಿ ಕುಳಿತು, ಅದೇ ಹೆಂಗಸಿನ ಮಜ್ಜಿಗೆಯನ್ನು ಗುಟುಕರಿಸುತ್ತಿದ್ದರು. ನಾಲ್ಕನೆಯ ಗುಹೆಯನ್ನು ಅವರು ಈ ಸಲ ಕಾಣಲಿಲ್ಲ. ಚಾಲುಕ್ಯರ ಕಲ್ಲು ಹದಿನಾಲ್ಕು ಶತಮಾನಗಳಿಂದ ಅಲ್ಲಿಯೇ ನಿಂತಿದೆ; ಇನ್ನೊಂದು ಚಳಿಗಾಲದವರೆಗೂ ಅದು ಖಂಡಿತವಾಗಿ ಕಾಯಬಲ್ಲುದು.