ಬಿಳಿ ಕಾರಿನ ಮೇಲೆ ಕಂದು ಚುಕ್ಕಿ ಏಕೆ?

ಪ್ರಶ್ನೆ: ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡಿದ್ದೇನೆ. ಎಷ್ಟು ತೊಳೆದರೂ ಕಂದು ಚುಕ್ಕಿಗಳು ಹೋಗುತ್ತಿಲ್ಲ. ತಗಡಿಗೇ ತುಕ್ಕು ಹಿಡಿದಿದೆಯೇ?

ಉತ್ತರ: ಬಹುಶಃ ಇಲ್ಲ. ಗ್ರೈಂಡಿಂಗ್, ವೆಲ್ಡಿಂಗ್ ಶೆಡ್‌ಗಳಿಂದ ಹಾರುವ ಕಬ್ಬಿಣದ ಕಣಗಳು ಬಣ್ಣದ ಮೇಲ್ಪದರಕ್ಕೆ ಕಚ್ಚಿಕೊಂಡು ಅಲ್ಲೇ ತುಕ್ಕಾಗುತ್ತವೆ. ಉಜ್ಜಿದರೆ ಗೀರು ಬೀಳುತ್ತದೆ. ನೆರಳಲ್ಲಿ ಕಾರ್ ಶಾಂಪೂ ಹಾಕಿ ತೊಳೆದು ಐರನ್ ರಿಮೂವರ್ ಸಿಂಪಡಿಸಿ. ಕಬ್ಬಿಣ ಕರಗಿದಂತೆ ದ್ರವ ನೇರಳೆಯಾಗುತ್ತದೆ. ಒಣಗುವ ಮೊದಲೇ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್ (ಕಣ ಎತ್ತುವ ಜೇಡಿಯಂಥ ಮುದ್ದೆ), ಕೊನೆಗೆ ವ್ಯಾಕ್ಸ್. ಬಣ್ಣ ಉಬ್ಬಿದ್ದರೆ ಅದು ತಗಡಿನ ತುಕ್ಕಿರಬಹುದು, ಪೇಂಟರ್‌ಗೆ ತೋರಿಸಿ.

ತೊಳೆಯುವ ನೀರಿನ ಬಗ್ಗೆಯೂ ಎಚ್ಚರವಿರಲಿ: ಬೋರ್‌ವೆಲ್‌ನ ಗಡಸು ನೀರು ಬಿಳಿ ಕಲೆ ಬಿಡುತ್ತದೆ. ತಕ್ಷಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕಾವೇರಿ ನೀರಂತೂ ಬೇಡ: ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಆದೇಶಿಸಿತ್ತು.